ಮೂವತ್ತೆರಡನೆಯ ಸಹಿ

“ಗುರುಗಳೇ, ಎಲ್ಲರೂ ಒಪ್ಪಿದ ಮಾತಿಗೆ ಒಬ್ಬರು ಮಾತ್ರ ಒಪ್ಪದೆ ಕುಳಿತರೆ, ಅವರಿಗೆ ಹೇಗೆ ತಿಳಿಹೇಳಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ದೊಡ್ಡ ನಗರವೊಂದರ ಅಂಚಿನ ಊರಿನಲ್ಲಿ ಒಂದು ಓಣಿ ಇತ್ತು. ಹಿಂದೆ ಗಿರಣಿಯ ಕೆಲಸಗಾರರಿಗೆಂದು ಕಟ್ಟಿದ ಮೂವತ್ತೆರಡು ಸಾಲುಮನೆಗಳು. ಗಿರಣಿ ಮುಚ್ಚಿ ಬಹಳ ಕಾಲವಾಗಿತ್ತು. ಗೋಡೆಗಳು ಬಿರುಕು ಬಿಟ್ಟಿದ್ದವು. ಇಡೀ ಓಣಿಗೆ ಎರಡೇ ನಲ್ಲಿ. ನಗರಸಭೆಯವರು ಬಂದು ಸಾಲುಮನೆಗಳನ್ನು ಕೆಡವಿ ಅಲ್ಲಿಯೇ ನಾಲ್ಕು ಮಹಡಿಯ ಕಟ್ಟಡ ಕಟ್ಟುವುದಾಗಿ ತಿಳಿಸಿದರು. ಪ್ರತಿ ಕುಟುಂಬಕ್ಕೂ ಅದರಲ್ಲಿ ಒಂದು ಮನೆ, ಮನೆಯೊಳಗೇ ನಲ್ಲಿ. ಆದರೆ ಮೂವತ್ತೆರಡು ಮನೆಯವರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಒಂದು ಸಹಿ ಕಡಿಮೆಯಾದರೂ ಕೆಲಸ ಶುರುವಾಗುವುದಿಲ್ಲ.

ಮೂವತ್ತೊಂದು ಸಹಿ ಒಂದೇ ವಾರದಲ್ಲಿ ಬಂದವು.

ಉಳಿದದ್ದು ಕೌದಿ ಹೊಲಿಯುವ ಒಬ್ಬ ಹೆಂಗಸಿನ ಸಹಿ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಪತ್ರ ಬಂದ ದಿನ ಅವಳ ಕನ್ನಡಕ ರಿಪೇರಿಗೆ ಹೋಗಿತ್ತು. ಓದಿ ನಾಳೆ ಹಾಕುತ್ತೇನೆ ಎಂದಳು. ಓಣಿಯಲ್ಲಿ ಬೇರೆಯೇ ಸುದ್ದಿ ಹಬ್ಬಿತು, ಅವಳು ಒಪ್ಪಲಿಲ್ಲ ಎಂದು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ಅವಳ ಚಾಪೆಯ ಮೇಲೆ ಕುಳಿತರು. ಅವಳು ಚಹಾ ಮಾಡಿದಳು. ಮನೆಯಲ್ಲಿ ಮೂರು ಲೋಟ ಒಟ್ಟಿಗೆ ತೊಳೆದು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ಅವರು ಏಳುವಾಗ, ಇನ್ನೂ ಸ್ವಲ್ಪ ಯೋಚನೆ ಮಾಡುತ್ತೇನೆ ಎಂದಳು.

ಅಲ್ಲಿಂದ ದಿನವೂ ಯಾರಾದರೊಬ್ಬರು ಬರತೊಡಗಿದರು. ಎದುರು ಮನೆಯ ಬಡಗಿ ಬಂದವನು ಮಾತಾಡುತ್ತಲೇ ಅವಳ ಬಾಗಿಲಿನ ಚಿಲಕ ಸರಿಮಾಡಿಕೊಟ್ಟ. ಯುಗಾದಿಗೆ ಐದು ಮನೆಗಳಿಂದ ಹೋಳಿಗೆ ಬಂತು. ನಗರಸಭೆಯ ಅಧಿಕಾರಿ ನೆಲದ ಮೇಲೆ ನಕ್ಷೆ ಹಾಸಿ ವಿವರಿಸಿದ. ಮೆಟ್ಟಿಲು ಎಲ್ಲಿ, ಅಡುಗೆಮನೆಗೆ ಬೆಳಕು ಯಾವ ಕಡೆಯಿಂದ ಎಂದು ಅವಳು ಕೇಳಿದಳು. ಮುಂದಿನ ವಾರ ಅದನ್ನೇ ಮತ್ತೆ ಕೇಳಿದಳು. ನಕ್ಷೆ ಅವಳಿಗೆ ಬಾಯಿಪಾಠವಾಗಿತ್ತು.

ಹೀಗೆ ಎಂಟು ತಿಂಗಳು ಕಳೆಯಿತು. ಜನರ ಮಾತು ಬಿರುಸಾಯಿತು. ಕೆಲವರು ಬೈದೂ ಹೋದರು. ಬೈಯಲಿಕ್ಕಾದರೂ ಒಳಗೆ ಬಂದು ಕುಳಿತರಲ್ಲ ಎಂದುಕೊಂಡು ಅವರಿಗೂ ಚಹಾ ಕೊಟ್ಟಳು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಬಡಗಿಯ ಮನೆಯ ಹಿಂದಿನ ಗೋಡೆ ಕುಸಿದು ಅವನ ತಾಯಿಯ ಕಾಲು ಮುರಿಯಿತು. ಮುದುಕಿಯನ್ನು ಮಂಚದ ಸಮೇತ ಹೊತ್ತು ಹೋಗುವುದನ್ನು ಕೌದಿಯವಳು ತನ್ನ ಹೊಸಿಲಲ್ಲಿ ನಿಂತು ನೋಡಿದಳು. ಆ ದಿನ ಅವಳ ಮನೆಗೆ ಯಾರೂ ಬರಲಿಲ್ಲ.

ಸಂಜೆ ಅವಳೇ ಪತ್ರ ಹಿಡಿದು ಬಡಗಿಯ ಮನೆಗೆ ಹೋದಳು. ಅವನ ಎದುರಿಗೇ ಸಹಿ ಹಾಕಿದಳು.

“ಮನೆಯ ಬಗ್ಗೆ ನನಗೆ ಯಾವತ್ತೂ ತಕರಾರು ಇರಲಿಲ್ಲಪ್ಪ” ಎಂದಳು. “ಇದನ್ನು ಕೊಟ್ಟುಬಿಟ್ಟರೆ ನೀವು ಯಾರೂ ಬರುವುದಿಲ್ಲ ಎಂದು ಗೊತ್ತಿತ್ತು. ನಿನ್ನ ತಾಯಿಯ ಕಾಲು ಮುರಿದದ್ದು ನನ್ನಿಂದ.”

ಬಡಗಿ ಪತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಬರುತ್ತೇವೆ ಅಕ್ಕ, ಯಾಕೆ ಬರುವುದಿಲ್ಲ” ಎಂದ. ಮನಸಾರೆ ಹೇಳಿದ ಮಾತು ಅದು.

ಎರಡು ವರ್ಷದಲ್ಲಿ ಕಟ್ಟಡ ಎದ್ದಿತು. ಬೇರೆ ಬೇರೆ ಕಡೆ ಬಾಡಿಗೆಗೆ ಹೋಗಿದ್ದವರೆಲ್ಲ ಮರಳಿ ಬಂದರು. ಮನೆಗಳು ಚೆನ್ನಾಗಿದ್ದವು. ಬಡಗಿಯ ತಾಯಿ ಕೋಲು ಹಿಡಿದು ನಡೆಯುವಂತಾದಳು. ಕೌದಿಯವಳಿಗೆ ನೆಲಮಹಡಿಯಲ್ಲಿ, ಮೆಟ್ಟಿಲ ಪಕ್ಕದಲ್ಲೇ ಮನೆ ಸಿಕ್ಕಿತು. ಅವಳು ಎರಡು ಹೊಸ ಚಾಪೆ ಕೊಂಡು ಹಾಸಿದಳು, ಬಾಗಿಲು ತೆರೆದಿಟ್ಟು ಹೊಲಿಗೆಗೆ ಕುಳಿತಳು.

ಎಲ್ಲರೂ ಆ ಬಾಗಿಲ ಮುಂದೆಯೇ ಹತ್ತಿ ಇಳಿಯುತ್ತಿದ್ದರು. ಅವಳ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ಕೆಲವರು ನಗುತ್ತಿದ್ದರು, ಊಟ ಆಯಿತೇ ಎಂದು ಕೇಳಿ ಮೆಟ್ಟಿಲು ಹತ್ತುತ್ತಿದ್ದರು. ಬಡಗಿ ಪ್ರತಿ ಭಾನುವಾರವೂ ಹೋಗಬೇಕೆಂದುಕೊಳ್ಳುತ್ತಿದ್ದ. ಮನೆಯೊಳಗೇ ನೀರು ಬರುತ್ತಿದ್ದುದರಿಂದ ನಲ್ಲಿಯ ಹತ್ತಿರವೂ ಯಾರೂ ಯಾರಿಗೂ ಸಿಗುತ್ತಿರಲಿಲ್ಲ.

ಮೂರನೆಯ ವರ್ಷ ಒಂದು ದಿನ ಇಬ್ಬರು ಬಾಗಿಲಿಗೆ ಬಂದರು. ಕಟ್ಟಡಕ್ಕೆ ಹೊಸ ಬಣ್ಣ ಹೊಡೆಸಬೇಕು, ಇಲ್ಲೊಂದು ಸಹಿ ಎಂದರು. ಅವಳು ಎದ್ದು ಚಹಾಕ್ಕೆ ನೀರಿಟ್ಟಳು. ಯೋಚನೆ ಮಾಡಿ ನಾಳೆ ಹೇಳುತ್ತೇನೆ, ಕುಳಿತುಕೊಳ್ಳಿ ಎಂದಳು.

“ಪರವಾಗಿಲ್ಲ ಬಿಡಿ ಅಮ್ಮ, ಇದಕ್ಕೆ ಎಲ್ಲರ ಸಹಿಯೂ ಬೇಕಾಗಿಲ್ಲ. ಅರ್ಧಕ್ಕಿಂತ ಹೆಚ್ಚು ಬಂದಾಗಿದೆ” ಎಂದು ಹೇಳಿ ಅವರು ಮೇಲಿನ ಮಹಡಿಗೆ ಹೋದರು.

ಆ ಮನೆಯಲ್ಲಿ ಅವಳು ಇನ್ನೂ ಆರು ವರ್ಷ ಬದುಕಿದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು. ತಪ್ಪು ಬಡಗಿಯದೇ, ಮಾತು ಕೊಟ್ಟಮೇಲೆ ಅವನು ಒಂದು ಸಲವಾದರೂ ಹೋಗಬೇಕಿತ್ತು, ತಾನಾಗಿದ್ದರೆ ಖಂಡಿತ ಹೋಗುತ್ತಿದ್ದೆ ಎಂದ.

ಗುರುಗಳು ಕೇಳಿದರು: “ಏನು ಕೆಲಸವಿದೆಯೆಂದು ಹೋಗುತ್ತಿದ್ದೆ?”