ಎತ್ತಿನ ಬಾಯಾರಿಕೆ

ಬಸ್ಸು ಕಂಪನಿ ನಡೆಸುತ್ತಿದ್ದ ಶಂಭುಲಿಂಗಪ್ಪ ಮಠಕ್ಕೆ ಬಂದು ಗುರುಗಳನ್ನು ಕೇಳಿದ: “ಗುರುಗಳೇ, ಬಸ್ಸಿಗೆ ಮೆತ್ತನೆಯ ಸೀಟು ಹಾಕಿಸಿದೆ, ಹಾಡು ಹಾಕಿಸಿದೆ. ಆದರೂ ಜನ ಹತ್ತುತ್ತಿಲ್ಲ. ಹೀಗೇ ಆದರೆ ಬಾಗಿಲು ಮುಚ್ಚಬೇಕು. ಇನ್ನೇನು ಹೊಸದು ಮಾಡಲಿ?”

ಗುರುಗಳು ನಕ್ಕು ಹೇಳತೊಡಗಿದರು.

ಎತ್ತಿನ ಗಾಡಿಗಳ ದಾರಿಯಲ್ಲಿ ಒಬ್ಬ ಖಾನಾವಳಿ ಇಟ್ಟಿದ್ದ. ಅಡುಗೆಯೋ, ಕೈ ತೊಳೆಯಲು ಮನಸ್ಸು ಬಾರದಂಥದ್ದು. ಆದರೂ ಗಾಡಿಗಳು ಅವನನ್ನು ದಾಟಿ ಮುಂದಿನ ಖಾನಾವಳಿಯ ನೀರಿನಂಥ ಸಾರಿಗೇ ಹೋಗುತ್ತಿದ್ದವು. ಅವನಿಗೆ ಹೊಟ್ಟೆ ಉರಿಯಿತು. ಇವತ್ತು ಶೇಂಗಾ ಹೋಳಿಗೆ ಮಾಡಿಸಿದ, ನಾಳೆ ಮಾದಲಿ ಮಾಡಿಸಿದ. ಊಹೂಂ! ಬಡಿಸುವವನು ಅಡುಗೆಯವನನ್ನು ಬೈದ, ಅಡುಗೆಯವನು ಬಡಿಸುವವನನ್ನು ಬೈದ. ಕೊನೆಗೆ ಒಲೆ ಆರಿಸಿ ಎಲ್ಲರನ್ನೂ ಮನೆಗೆ ಕಳಿಸುವ ಹೊತ್ತು ಬಂತು.

ಆಗ ಅವನ ಹೆಂಡತಿ, “ಒಳಗೆ ಕೂತು ಗಿರಾಕಿಯನ್ನು ಶಪಿಸಿದರೆ ಆಯಿತೇನ್ರೀ? ಒಂದು ದಿನ ಗಾಡಿ ಹೂಡಿಕೊಂಡು ನೀವೇ ಉಣ್ಣಲು ಬನ್ನಿ,” ಎಂದಳು.

ಅವನಿಗೆ ನಾಚಿಕೆಯಾಯಿತು. ಆದರೂ ತಲೆಗೆ ಟವೆಲ್ ಸುತ್ತಿ, ನಡುಬಿಸಿಲಲ್ಲಿ ಗಾಡಿ ಹೊಡೆದುಕೊಂಡು ಬಂದ. ಎತ್ತುಗಳು ನಾಲಿಗೆ ಚಾಚಿದ್ದವು. ಬಾವಿ ಹಿತ್ತಲಲ್ಲಿತ್ತು, ದಾರಿ ಅಡುಗೆಮನೆಯೊಳಗಿಂದ. ಬಕೆಟ್ ಕೇಳಿದರೆ ಬಡಿಸುವವನು ಮುಖವನ್ನೂ ನೋಡದೆ, “ನೀರು ನನ್ನ ಕೆಲಸವಲ್ಲ,” ಎಂದ. ಅಡುಗೆಯವನು ಹೊಗೆಯೊಳಗಿಂದಲೇ, “ನನ್ನದೂ ಅಲ್ಲ,” ಎಂದು ಕೂಗಿದ. ಎಲೆಯ ಮೇಲೆ ಹೋಳಿಗೆ ಬಿತ್ತು. ಅವನ ಕೈ ಮುಂದಕ್ಕೆ ಹೋಗಲಿಲ್ಲ. ಎತ್ತಿಗೆ ನೀರು ಕುಡಿಸದೆ ಯಾವ ಗಾಡಿಯವನು ತುತ್ತು ಎತ್ತುತ್ತಾನೆ?

“ಅಯ್ಯೋ, ಇಷ್ಟೇನಾ!” ಎಂದು ಅವನು ಎಲೆಯ ಮುಂದೆಯೇ ನಗತೊಡಗಿದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮರುದಿನ ಹೊಸ ತಿಂಡಿ ಏನೂ ಇಲ್ಲ. ರಸ್ತೆಯ ಬದಿಗೆ ಕಲ್ಲಿನ ನೀರುತೊಟ್ಟಿ ಬಂತು. ಅಡುಗೆಯವನನ್ನೂ ಬಡಿಸುವವನನ್ನೂ ಜೊತೆಗೆ ಕರೆದುಕೊಂಡು, ಗಾಡಿಯವನು ನೊಗ ಇಳಿಸುವಲ್ಲಿಂದ ಮತ್ತೆ ನೊಗ ಏರಿಸುವವರೆಗೆ ನಡೆದಾಡುವ ಜಾಗದಲ್ಲೆಲ್ಲ ಯಜಮಾನ ಅವರನ್ನು ನಡೆಸಿದ. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. “ಎತ್ತು ತೊಟ್ಟಿಗೆ ಬಾಯಿ ಹಾಕಿದಾಗ ರೊಟ್ಟಿ ತಟ್ಟಲು ಶುರು ಮಾಡಿದರೆ ಬಿಸಿಬಿಸಿ ಸಿಗುತ್ತದೆ,” ಎಂದು ಅಡುಗೆಯವನೇ ಹೇಳಿದ. ದೂರ ಹೋಗುವವರಿಗೆ ಬುತ್ತಿ ಕಟ್ಟುವುದು ಬಡಿಸುವವನಿಗೆ ಹೊಳೆಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ಅಂಗಳದಲ್ಲಿ ಗಾಡಿ ಬಿಡಲು ಜಾಗವಿರಲಿಲ್ಲ. ಒಲೆ ಆರಲಿಲ್ಲ, ಯಾರೂ ಮನೆಗೆ ಹೋಗಲಿಲ್ಲ.

ಶಂಭುಲಿಂಗಪ್ಪ ನಿಟ್ಟುಸಿರು ಬಿಟ್ಟ. “ಬದುಕಿದೆ, ಗುರುಗಳೇ! ಹಾಗಾದರೆ ನನ್ನ ಕಂಪನಿಯೂ ಉಳಿಯುತ್ತದೆ. ಕೊರತೆ ಎಲ್ಲಿದೆ ಎಂದು ನಾಳೆಯೇ ನೌಕರರನ್ನು ಕರೆಸಿ ಕೇಳುತ್ತೇನೆ.”

ಗುರುಗಳು ಅವನನ್ನೇ ನೋಡಿದರು.

“ನಿನ್ನ ಬಸ್ಸು ಮಠದ ಬಾಗಿಲಿಗೇ ಬರುತ್ತದಲ್ಲಪ್ಪ, ನೀನೇಕೆ ಕಾರಿನಲ್ಲಿ ಬಂದೆ?”