ಹುಳುಕು ಹೇಳಿದ ಹಿತವಚನ

ಹಲ್ಲುನೋವು ಬಂದಾಗಲೆಲ್ಲ ಭಾಗೀರಥಮ್ಮ ದವಡೆ ಹಲ್ಲಿಗೆ ಲವಂಗ ಒತ್ತಿಕೊಂಡು ಸುಮ್ಮನಾಗುತ್ತಿದ್ದರು. ಒಂದು ದಿನ ಲವಂಗಕ್ಕೂ ನೋವು ಬಗ್ಗಲಿಲ್ಲ. ಅವರು ದಂತವೈದ್ಯರ ಕುರ್ಚಿಯಲ್ಲಿ ಕೂತು ಬಾಯಿ ತೆರೆದರು.

ವೈದ್ಯರು ಹುಳುಕು ತೆಗೆಯುವ ಲೇಸರ್ ಕೈಗೆತ್ತಿಕೊಂಡೊಡನೆ ಹಲ್ಲಿನೊಳಗಿದ್ದ ಹುಳುಕಿಗೆ ಗಾಬರಿಯಾಯಿತು. "ಅಯ್ಯಾ ಹಲ್ಲೇ, ಬಾಯಿ ಮುಚ್ಚಿಸು! ಲೇಸರ್ ಬೆಳಕು ಬರುತ್ತಿದೆ. ಅದು ನಿನ್ನನ್ನೂ ನನ್ನನ್ನೂ ಒಟ್ಟಿಗೇ ಸುಟ್ಟುಹಾಕುತ್ತದೆ. ಇಷ್ಟು ವರ್ಷ ಜೊತೆಗಿದ್ದವನು ಹೇಳುತ್ತಿದ್ದೇನೆ, ಕೇಳು."

"ಇಷ್ಟು ವರ್ಷ ನಿನ್ನ ಮಾತು ಕೇಳಿದ್ದೇ ಸಾಕು," ಎಂದಿತು ಹಲ್ಲು. "ಬೆಳಕೇ, ಬಾ. ನಾನು ಅಲುಗಾಡುವುದಿಲ್ಲ."

ಬೆಳಕು ಚಿಟಚಿಟನೆ ಬಡಿಯಿತು. ನೀರು ಕುಡಿದು ಮೆತ್ತಗಾಗಿದ್ದ ಹುಳುಕು, ಆ ನೀರು ಬೆಳಕಿನ ಬಿಸಿಗೆ ಸಿಡಿದು, ಪುಡಿಪುಡಿಯಾಗಿ ಹಾರಿಹೋಯಿತು. ಹಲ್ಲಿನ ಗಟ್ಟಿ ಭಾಗ ಕಂಡೊಡನೆ ವೈದ್ಯರು ಬೆಳಕನ್ನು ನಿಲ್ಲಿಸಿದರು.

ನಡುವೆ ಉಳಿದ ಗುಂಡಿ ನೋಡಿ ಹಲ್ಲಿಗೆ ಸಿಟ್ಟು ಬಂತು. "ಹುಳುಕು ಹೇಳಿದ್ದೇ ನಿಜವಾಯಿತು. ನನ್ನನ್ನು ಇಷ್ಟು ದೊಡ್ಡದಾಗಿ ಕೊರೆದುಬಿಟ್ಟೆಯಲ್ಲ!"

"ನಾನು ಕೊರೆದದ್ದಲ್ಲ," ಎಂದಿತು ಬೆಳಕು. "ಹುಳುಕು ನಿನ್ನನ್ನು ತಿಂದು, ತಾನೇ ತುಂಬಿಕೊಂಡಿದ್ದ ಜಾಗ ಅದು. ಲವಂಗ ಮಲಗಿಸಿದ್ದು ನಿನ್ನನ್ನು. ಹುಳುಕು ಎಚ್ಚರವಾಗಿಯೇ ಇತ್ತು."



"ವೈದ್ಯರೇ, ಗುಂಡಿ ಬೇಗ ತುಂಬಿಸಿ," ಎಂದಿತು ಹಲ್ಲು. "ನನಗಿನ್ನೂ ಚಕ್ಕುಲಿ ಕಡಿಯುವುದಿದೆ."