ಜೀವಾಳದ ದಾರ

"ಕಣ್ಣಾರೆ ಕಂಡು, ಕಿವಿಯಾರೆ ಕೇಳಿದ ಮೇಲೂ ಒಬ್ಬ ಮೋಸ ಹೋಗುವುದು ಹೇಗೆ ಸಾಧ್ಯ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಹಾಗೆ ಕೇಳುವುದಕ್ಕೆ ಕಾರಣವಿತ್ತು. ಅವನು ಆನ್‌ಲೈನ್ ಅಂಗಡಿಯೊಂದರಲ್ಲಿ ದುಬಾರಿ ಗಿಟಾರೊಂದನ್ನು ನೋಡಿಟ್ಟಿದ್ದ. ಅದನ್ನು ನುಡಿಸಿ ತೋರಿಸುವ ವಿಡಿಯೋವನ್ನು ಎಷ್ಟು ಸಲ ನೋಡಿದ್ದನೆಂದರೆ, ನುಡಿಸುವವನ ಉಂಗುರದ ಹರಳು ಯಾವ ಬಣ್ಣದ್ದೆಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳಿ ಎಂದು ಅಂಗಡಿಯವರು ಕರೆದಿದ್ದರು. ಅವನ ಹಳೆಯ ಗಿಟಾರು ಆಗಲೇ ರಟ್ಟಿನ ಪೆಟ್ಟಿಗೆ ಸೇರಿ, ಮೈತುಂಬ ಟೇಪು ಸುತ್ತಿಸಿಕೊಂಡು, ಗುರುಗಳ ಮನೆಯ ಬಾಗಿಲಲ್ಲಿ ನಿಂತಿತ್ತು. ಪಾಠದ ಹೊತ್ತಿಗೆ ಬಂದು ಒಯ್ಯುತ್ತೇವೆ ಎಂದಿದ್ದರಿಂದ ಇಲ್ಲಿಯ ವಿಳಾಸವನ್ನೇ ಕೊಟ್ಟಿದ್ದ. ಒಯ್ಯುವವನು ಹನ್ನೊಂದಕ್ಕೆ ಬರಬೇಕು. ಆಗ ಹತ್ತೂವರೆಯಾಗಿತ್ತು.

ಮೋಸ ಹೋಗುತ್ತೀಯ ಎಂದು ಗುರುಗಳು ಹಿಂದಿನ ದಿನವೇ ಹೇಳಿದ್ದರು. ಶಿಷ್ಯನಿಗೆ ಆ ಮಾತು ನಾಟಿತ್ತು, ಆದರೆ ಒಪ್ಪಿಗೆಯಾಗಿರಲಿಲ್ಲ. ಗುರುಗಳು ಪೆಟ್ಟಿಗೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು, ಕೂತುಕೋ ಎಂದರು. ಕತೆ ಹೇಳತೊಡಗಿದರು.

ಒಬ್ಬ ವಾದಕನಿದ್ದ. ಗಿಟಾರಿನಲ್ಲಿ ರಾಗ ನುಡಿಸುತ್ತಿದ್ದ. ಶ್ರುತಿ ಹಿಡಿಯಲು ಜೊತೆಗೆ ಯಾರೂ ಇಲ್ಲದವನು, ತಾನೇ ಒಂದು ಉಪಾಯ ಮಾಡಿಕೊಂಡಿದ್ದ. ತಂಬೂರಿಯಲ್ಲಿ ತಂತಿಗಳು ಕೂರುವ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದೆಳೆ ದಾರ ಸಿಗಿಸುತ್ತಾರಲ್ಲ, ನಾದ ತುಂಬಿ ಬರಲಿ ಎಂದು? ಅದನ್ನು ಜೀವಾಳ ಎನ್ನುತ್ತಾರೆ. ಇವನು ತನ್ನ ಗಿಟಾರಿನ ದಪ್ಪ ತಂತಿಯ ಅಡಿಗೆ ಅಂಥದೇ ಒಂದು ರೇಷ್ಮೆ ದಾರ ಸಿಗಿಸಿದ್ದ. ಗಿಟಾರಿಗೆ ಯಾರೂ ಹಾಗೆ ಮಾಡುವುದಿಲ್ಲ. ಬಲ್ಲವರು ನಕ್ಕರು. ಆದರೆ ಆ ತಂತಿಯನ್ನು ಮೀಟಿದರೆ ಷಡ್ಜವು ದುಂಬಿಯ ಹಾಗೆ ಕೋಣೆಯನ್ನೆಲ್ಲ ಸುತ್ತಿ ಬರುತ್ತಿತ್ತು. ಕೇಳಿದವರು ಚೆನ್ನಾಗಿದೆ ಎನ್ನುತ್ತಿದ್ದರು. ವಾದಕ ಅದನ್ನು ಉಪಚಾರದ ಮಾತೆಂದುಕೊಳ್ಳುತ್ತಿದ್ದ. ಅವನ ಕಿವಿಗೆ ಆ ಗಿಟಾರು ಮಂಕಾಗಿ ಕೇಳುತ್ತಿತ್ತು. ದಿನಾ ಕೇಳುವವನು ತಾನು ತಾನೇ?

ಒಂದು ದಿನ ಅವನಿಗೆ ದೊಡ್ಡ ಸಭೆಯೊಂದರಿಂದ ಕರೆ ಬಂತು. ಹದಿನೈದು ವರ್ಷ ಕಾದ ಮೇಲೆ ಬಂದ ಕರೆ. ಈ ಮಂಕು ವಾದ್ಯವನ್ನು ಹಿಡಿದು ಅಷ್ಟು ಜನರ ಮುಂದೆ ಕೂರುವುದೇ ಎಂದು ಅವನಿಗೆ ನಾಚಿಕೆಯಾಯಿತು. ಅದೇ ವಾರ ಒಬ್ಬ ವ್ಯಾಪಾರಿಯ ವಿಡಿಯೋ ಕಣ್ಣಿಗೆ ಬಿತ್ತು. ಕೆಂಪು ಮರದ ಗಿಟಾರು. ಅದರ ದನಿ ಕೇಳಿ ವಾದಕನ ಎದೆ ಹೊಡೆದುಕೊಂಡಿತು. ಕೂಡಿಟ್ಟದ್ದನ್ನೆಲ್ಲ ಸುರಿದ. ಸಾಲದ್ದಕ್ಕೆ ಹಳೆಯ ಗಿಟಾರನ್ನೂ ಕೊಟ್ಟ. ಕೊಡುವ ಅವಸರದಲ್ಲಿ ದಾರವನ್ನು ತೆಗೆದುಕೊಳ್ಳುವುದೂ ನೆನಪಾಗಲಿಲ್ಲ.

ಸಭೆಗೆ ನಾಲ್ಕು ದಿನ ಇರುವಾಗ ಕೆಂಪು ಗಿಟಾರು ಬಂತು. ನೋಡಲು ವಿಡಿಯೋದಲ್ಲಿ ಕಂಡ ಹಾಗೇ ಇತ್ತು, ಒಂದು ಗೀರೂ ಇಲ್ಲ. ವಾದಕ ಸ್ನಾನ ಮಾಡಿ ಬಂದು ಕೂತು ಮೀಟಿದ. ದನಿ ಎದುರಿನ ಗೋಡೆಯವರೆಗೂ ಹೋಗಲಿಲ್ಲ. ಶ್ರುತಿ ಸರಿಮಾಡಿದ, ತಂತಿ ಬದಲಿಸಿದ, ಕೋಣೆ ಬದಲಿಸಿದ. ಮೀಟುವ ಬೆರಳಿನ ಉಗುರನ್ನೂ ಮತ್ತೆ ತಿದ್ದಿಕೊಂಡ. ಹೊಸ ದಾರ ತಂದು ಸಿಗಿಸಿದರೆ ತಂತಿ ಡಬ್ ಎಂದು ಸುಮ್ಮನಾಯಿತು. ವ್ಯಾಪಾರಿಗೆ ಫೋನು ಮಾಡಿದರೆ, ಹೊಸ ಮರ ಬಿಚ್ಚಿಕೊಳ್ಳಲು ಹೊತ್ತು ಬೇಕು, ನುಡಿಸುತ್ತ ಹೋಗಿ ಎಂದ. ವಾದಕ ನುಡಿಸುತ್ತ ಹೋದ. ಬೆರಳ ತುದಿಗಳು ಒಡೆದವು. ಮರ ಬಿಚ್ಚಿಕೊಳ್ಳಲಿಲ್ಲ.

ಸಭೆಯ ದಿನ ಬಂತು. ಮೊದಲ ಷಡ್ಜವನ್ನು ಮೀಟುವಾಗಲೇ ದನಿ ಏಳುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಸಿಗಿಸಿಕೊಂಡು ಬಂದಿದ್ದ ಹೊಸ ದಾರವನ್ನು ಎಳೆದು ಕೂರಿಸಿದ. ಮತ್ತೆ ಮೀಟಿದ, ಮತ್ತೆ ಎಳೆದ. ಮೂರನೆಯ ಸಲ ಎಳೆದಾಗ ದಾರ ಕಳಚಿ ಬಿತ್ತು. ಅಷ್ಟು ಜನರ ಮುಂದೆ ಅದನ್ನು ಹುಡುಕುತ್ತ ಬಗ್ಗಲಾರದೆ ಹಾಗೆಯೇ ನುಡಿಸಿದ. ಯಾರೂ ಎದ್ದು ಹೋಗಲಿಲ್ಲ, ಮರ್ಯಾದಸ್ಥರು. ಮೊಬೈಲು ನೋಡುತ್ತ ಕೂತರು. ಆ ಸಭೆಯವರು ಅವನನ್ನು ಮತ್ತೆ ಕರೆಯಲಿಲ್ಲ.

ತಿಂಗಳಾದ ಮೇಲೆ ಅದೇ ವ್ಯಾಪಾರಿ ಇನ್ನೊಂದು ವಿಡಿಯೋ ಹಾಕಿದ. ಈ ಸಲ ಕಪ್ಪು ಗಿಟಾರು, ಇನ್ನೂ ದುಬಾರಿಯದು. ಬೈದು ಒಂದು ಸಾಲು ಬರೆಯೋಣವೆಂದೇ ವಾದಕ ಅದನ್ನು ತೆರೆದ. ವಿಡಿಯೋದವನು ದಪ್ಪ ತಂತಿಯನ್ನು ಮೀಟಿದ. ಷಡ್ಜ ಎದ್ದು ದುಂಬಿಯ ಹಾಗೆ ಕೋಣೆಯನ್ನೆಲ್ಲ ಸುತ್ತಿತು.

ವಾದಕ ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ ಕುದುರೆಯನ್ನು ನೋಡಿದ. ಕಪ್ಪು ಗಿಟಾರಿನಲ್ಲಿ ದಾರವಿರಲಿಲ್ಲ. ಮತ್ತೆ ಓಡಿಸಿದ. ಕಿವಿಗೆ ತನ್ನ ಹಳೆಯ ಗಿಟಾರಿನ ದಾರ ಕೇಳುತ್ತಿತ್ತು. ತೋರಿಸುತ್ತಿದ್ದದ್ದು ಒಂದನ್ನು, ಕೇಳಿಸುತ್ತಿದ್ದದ್ದು ಇನ್ನೊಂದನ್ನು. ಹಾಗಾದರೆ ಅಂದು ಕೆಂಪು ಗಿಟಾರಿನದೆಂದು ತಾನು ಮರುಳಾದ ದನಿಯೂ ತನ್ನಂಥ ಇನ್ಯಾವನೋ ಬೇಡವೆಂದು ಕೊಟ್ಟುಬಿಟ್ಟ ಗಿಟಾರಿನದೇ ಇರಬೇಕು ಎಂದು ಅವನಿಗೆ ಹೊಳೆಯಿತು. ಸಿಟ್ಟು ಬರಬೇಕಿತ್ತು, ಅಳು ಬಂತು. ಆ ದನಿ ಅಷ್ಟು ಚೆನ್ನಾಗಿತ್ತು.

ಫೋನು ಮಾಡಿದ. ಮೋಸವನ್ನು ಎತ್ತಿ ಆಡಿದ. ವ್ಯಾಪಾರಿ ಅಳುಕಲಿಲ್ಲ. ತೋರಿಸಿದ್ದೂ ಗಿಟಾರು, ಕೇಳಿಸಿದ್ದೂ ಗಿಟಾರು, ಎರಡೂ ಒಂದೇ ಎಂದು ನಾವು ಎಲ್ಲಿ ಹೇಳಿದ್ದೇವೆ ಎಂದು ಕೇಳಿದ. ವಾದಕನಿಗೆ ಜಗಳ ಬೇಕಿರಲಿಲ್ಲ.

"ಆಯಿತು, ಬಿಡಿ. ಕೆಂಪು ಗಿಟಾರನ್ನು ನೀವೇ ಇಟ್ಟುಕೊಳ್ಳಿ. ಮೇಲೆ ಏನು ಕೇಳಿದರೂ ಕೊಡುತ್ತೇನೆ. ನನ್ನ ಹಳೆಯದನ್ನು ನನಗೆ ಮಾರಿಬಿಡಿ."

"ಅದೊಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ಕೇಳಿ ಸರ್," ಎಂದ ವ್ಯಾಪಾರಿ. "ಅದನ್ನು ಮಾರಿದರೆ ಉಳಿದವನ್ನೆಲ್ಲ ನಾನು ಮಾರುವುದು ಹೇಗೆ?"

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಕೆಳಗೆ ಬೀದಿಯಲ್ಲಿ ಗಾಡಿಯೊಂದು ನಿಂತ ಸದ್ದಾಯಿತು. ಪಾರ್ಸೆಲ್ ಎಂದು ಯಾರೋ ಕೂಗಿದರು. ಶಿಷ್ಯ ಎದ್ದು ಪೆಟ್ಟಿಗೆಯ ಮೇಲೆ ಕೈಯಿಟ್ಟ. ಎತ್ತಲೂ ಇಲ್ಲ, ಬಿಡಲೂ ಇಲ್ಲ. ಕೆಳಗಿನವನು ಎರಡನೆಯ ಸಲ ಕೂಗಿದ.

"ಆ ವಾದಕನ ಗಿಟಾರಿನ ಮಾತು ಬೇರೆ, ಗುರುಗಳೇ," ಎಂದ. "ನನ್ನದು ನಿಜವಾಗಿಯೂ ಮಂಕು. ದಿನಾ ಕೇಳುವವನು ನಾನಲ್ಲವೇ?"

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಏರಿ ಬರುತ್ತಿತ್ತು. ಗುರುಗಳು ಟೇಪು ಕತ್ತರಿಸುವ ಚಾಕುವನ್ನು ಶಿಷ್ಯನ ಮುಂದೆ ಇಟ್ಟು ಹೇಳಿದರು:

"ಗಿಟಾರಿನ ಬೆನ್ನನ್ನು ಎದೆಗೊತ್ತಿಕೊಂಡು ದಿನಾ ಕೇಳಿದ್ದೀಯ, ದನಿ ಹೊರಡುವ ಅದರ ಬಾಯಿಗೆ ಎದುರಾಗಿ ಒಂದು ದಿನವಾದರೂ ಕೂತಿದ್ದೀಯಾ?"